ಕಣಜ ನೋಡುವ ಹಬ್ಬ



ನಿಮ್ಮ ಮನೆಯಲ್ಲಿ ಈಗ ರಾಗಿ ಎಷ್ಟು ಉಳಿದಿದೆ? ಅಕ್ಕಿ ಎಷ್ಟಿದೆ? ಹೊಸ ಫಸಲು ಬರುವ ತನಕ ಸಾಕಾಗುತ್ತದಾ?

ಈ ಲೆಕ್ಕ ಮನೆಯಲ್ಲಿ ಯಾರಿಗೆ ಚೆನ್ನಾಗಿ ಗೊತ್ತು? ದಿನಾ ಮೊರ ಹಿಡಿದು ಧಾನ್ಯ ತೆಗೆಯುವವರಿಗೆ ಗೊತ್ತು. ಅಂದ್ರೆ ನಮಗೆ, ಹೆಂಗಸರಿಗೆ. ಬರೆಯೋಕೆ ಬರದಿದ್ದ ಕಾಲದಲ್ಲೂ ಈ ಲೆಕ್ಕ ನಮ್ಮ ತಲೆಯಲ್ಲಿ ಇತ್ತು.

ಹೋದ ಸಂಕ್ರಾಂತಿಯಲ್ಲಿ ನಮ್ಮ ಕಲಿಕಾ ಕೇಂದ್ರದಲ್ಲಿ ಎಳ್ಳು-ಬೆಲ್ಲದ ಪಾಠ ಓದುತ್ತಿದ್ದೆವು. ಒಬ್ಬ ಅಕ್ಕ ಕೇಳಿದರು: "ಟೀಚರ್, ನನ್ನ ತಂಗಿ ಮಗಳು ಐರ್ಲೆಂಡಿನಲ್ಲಿ ನರ್ಸು. ಅಲ್ಲಿ ಮೂಳೆ ಕೊರೆಯೋ ಚಳಿಯಂತೆ. ಚಳಿಗಾಲದಲ್ಲಿ ಅಲ್ಲಿಯವರು ಏನು ಉಣ್ತಾರೆ? ಅವರಿಗೂ ನಮ್ಮ ಹಾಗೆ ಈ ಕಾಲದಲ್ಲಿ ಹಬ್ಬ ಇದೆಯಾ?"

ಒಳ್ಳೆಯ ಪ್ರಶ್ನೆ. ಐರ್ಲೆಂಡಿನ ಆಸ್ಪತ್ರೆಗಳಲ್ಲಿ ನಮ್ಮ ದೇಶದ ಸಾವಿರಾರು ನರ್ಸುಗಳು ಕೆಲಸ ಮಾಡುತ್ತಾರೆ. ಅವರು ಇರುವ ನಾಡಿನ ಊಟ, ಹಬ್ಬ ನಾವೂ ತಿಳಿಯೋಣ. ಅಲ್ಲಿ ಚಳಿಗಾಲದ ಕೊನೆಗೆ ಬರುವ ಒಂದು ಹಬ್ಬ ಇದೆ. ಅದರ ಹೆಸರು ಇಂಬೋಲ್ಕ್. ಅದು ಹಾಲಿನ ಹಬ್ಬ, ಬೆಣ್ಣೆಯ ಹಬ್ಬ. ಕಣಜ ತೆರೆದು ನೋಡುವ ಹಬ್ಬವೂ ಹೌದು.

ಆ ನಾಡು ಎಲ್ಲಿದೆ?

ಐರ್ಲೆಂಡ್ ಒಂದು ದ್ವೀಪ. ಸುತ್ತ ಸಮುದ್ರ. ಇಂಗ್ಲೆಂಡಿನ ಪಶ್ಚಿಮಕ್ಕಿದೆ. ಇಡೀ ದ್ವೀಪದಲ್ಲಿ ಸುಮಾರು 70 ಲಕ್ಷ ಜನ ಇದ್ದಾರೆ. ಅಲ್ಲಿ ಮಳೆ ಜಾಸ್ತಿ, ಹುಲ್ಲು ಜಾಸ್ತಿ. ಅದಕ್ಕೇ ಹಳೆಯ ಕಾಲದಿಂದ ಹಸು, ಕುರಿ ಸಾಕಿಕೊಂಡು ಬಂದಿದ್ದಾರೆ.

ಚಳಿಗಾಲದಲ್ಲಿ ಅಲ್ಲಿ ಹಗಲು ಬಹಳ ಚಿಕ್ಕದು. ಡಿಸೆಂಬರ್ 21ರ ಸುಮಾರಿಗೆ ಹಗಲು ಏಳೂವರೆ ಗಂಟೆ ಮಾತ್ರ. ನಮ್ಮಲ್ಲಿ ಆ ದಿನವೂ ಹನ್ನೊಂದು ಗಂಟೆ ಬೆಳಕು ಇರುತ್ತದೆ. ಚಳಿಗೆ ಅಲ್ಲಿ ಹುಲ್ಲು ಬೆಳೆಯುವುದು ಬಹುಮಟ್ಟಿಗೆ ನಿಲ್ಲುತ್ತದೆ. ಹೊಲದಲ್ಲಿ ಕೆಲಸ ಇಲ್ಲ. ದನ ಕೊಟ್ಟಿಗೆಯಲ್ಲಿ ಒಣಹುಲ್ಲು ತಿನ್ನುತ್ತಾ ನಿಲ್ಲುತ್ತವೆ.

ಫೆಬ್ರವರಿ 1ರ ಹೊತ್ತಿಗೆ ಹಗಲು ಸುಮಾರು ಒಂಬತ್ತು ಗಂಟೆ ಆಗುತ್ತದೆ. ಚಳಿ ಇನ್ನೂ ಹೋಗಿಲ್ಲ. ಆದರೆ ಬೆಳಕು ಬೆಳೆಯುತ್ತಿದೆ ಅಂತ ಕಣ್ಣಿಗೆ ಗೊತ್ತಾಗುತ್ತದೆ. ಅವತ್ತೇ ಇಂಬೋಲ್ಕ್. ಐರ್ಲೆಂಡಿನ ಹಳೆಯ ಲೆಕ್ಕದಲ್ಲಿ ವಸಂತ ಕಾಲದ ಮೊದಲ ದಿನ ಅದು.

ಅವರ ಹಳೆಯ ವರ್ಷಕ್ಕೆ ನಾಲ್ಕು ಕಂಬ. ನವೆಂಬರ್ 1 ಚಳಿಗಾಲದ ಆರಂಭ. ಫೆಬ್ರವರಿ 1 ವಸಂತದ ಆರಂಭ. ಮೇ 1 ಬೇಸಿಗೆಯ ಆರಂಭ. ಆಗಸ್ಟ್ 1 ಸುಗ್ಗಿಯ ಆರಂಭ. ಒಂದೊಂದಕ್ಕೂ ಒಂದೊಂದು ಹಬ್ಬ. ಈ ನಾಲ್ಕು ದಿನ ನೆನಪಿಟ್ಟುಕೊಳ್ಳಿ. ಮುಂದೆ ಲೆಕ್ಕ ಮಾಡುವಾಗ ಬೇಕಾಗುತ್ತದೆ.

ಹಳ್ಳಿಯವರ ಹಬ್ಬ

ಐರ್ಲೆಂಡಿಗೆ ಕ್ರೈಸ್ತ ಧರ್ಮ ಬಂದದ್ದು ಸುಮಾರು 1,500 ವರ್ಷಗಳ ಹಿಂದೆ. ಅದಕ್ಕೂ ಮೊದಲಿನ ಹಳೆಯ ದೇವರು, ಹಳೆಯ ನಂಬಿಕೆಗಳನ್ನು ಯುರೋಪಿನಲ್ಲಿ ಪೇಗನ್ ಎನ್ನುತ್ತಾರೆ. ಈ ಪದ ಲ್ಯಾಟಿನ್ ಎಂಬ ಹಳೆಯ ಭಾಷೆಯಿಂದ ಬಂದಿದೆ. ಅದರ ಮೂಲ ಅರ್ಥ ಏನು ಗೊತ್ತಾ? ಹಳ್ಳಿಯವನು ಅಂತ! ಪಟ್ಟಣದವರು ಹೊಸ ಧರ್ಮಕ್ಕೆ ಸೇರಿದ ಮೇಲೂ ಹಳ್ಳಿಯವರು ಹಳೆಯ ಪದ್ಧತಿ ಬಿಡಲಿಲ್ಲ. ಅದರಿಂದ ಈ ಹೆಸರು ಬಂತು ಎಂದು ಹಲವರು ಹೇಳುತ್ತಾರೆ.

ಇಂಬೋಲ್ಕ್ ಅಂಥ ಹಳೆಯ ಹಬ್ಬ. ಈ ಹಬ್ಬ ಬ್ರಿಜಿಡ್ ಎಂಬ ದೇವಿಗೆ ಸೇರಿದ್ದು ಎನ್ನುತ್ತಾರೆ. ಸುಮಾರು 1,100 ವರ್ಷಗಳ ಹಿಂದಿನ ಒಂದು ಐರಿಷ್ ಪದಕೋಶದಲ್ಲಿ ಅವಳ ಮಾತು ಬರುತ್ತದೆ. ಅವಳು ಕವಿಗಳ ದೇವಿ. ಅದೇ ಹೆಸರಿನ ಇಬ್ಬರು ಅಕ್ಕತಂಗಿಯರು ಅವಳಿಗಿದ್ದರು. ಒಬ್ಬಳು ಔಷಧದ ದೇವಿ. ಇನ್ನೊಬ್ಬಳು ಕಮ್ಮಾರಿಕೆಯ ದೇವಿ.

ಆಮೇಲೆ ಅದೇ ಹೆಸರಿನ ಕ್ರೈಸ್ತ ಸನ್ಯಾಸಿನಿ ಪ್ರಸಿದ್ಧಳಾದಳು. ಕಿಲ್ಡೇರ್ ಎಂಬ ಊರಿನಲ್ಲಿ ಅವಳ ಮಠ ಇತ್ತು. ಅವಳು ಸುಮಾರು 525ನೇ ಇಸವಿಯಲ್ಲಿ ತೀರಿಕೊಂಡಳು ಎನ್ನುತ್ತಾರೆ. ಅವಳ ದಿನವೂ ಫೆಬ್ರವರಿ 1. ಹೀಗೆ ಹಳೆಯ ಹಬ್ಬ ಹೋಗಲಿಲ್ಲ. ಹೊಸ ಸೀರೆ ಉಟ್ಟುಕೊಂಡಿತು ಅಷ್ಟೆ. ಊಟ ಮಾತ್ರ ಅದೇ ಉಳಿಯಿತು. ಹಾಲು, ಬೆಣ್ಣೆ, ರೊಟ್ಟಿ.

ಮೊದಲ ಹಾಲು

ಅದೇ ಹಳೆಯ ಪದಕೋಶ ಈ ಹಬ್ಬದ ಹೆಸರಿಗೆ ಕುರಿಯ ಹಾಲು ಎಂದು ಅರ್ಥ ಕೊಡುತ್ತದೆ. ಈಗಿನ ಪಂಡಿತರಲ್ಲಿ ಕೆಲವರು ಹೊಟ್ಟೆಯಲ್ಲಿ ಇರುವುದು, ಅಂದ್ರೆ ಗಬ್ಬದ ಕುರಿ, ಎಂದು ಅರ್ಥ ಹೇಳುತ್ತಾರೆ. ಎರಡೂ ಕುರಿಯ ಹತ್ತಿರವೇ ಬಂದು ನಿಲ್ಲುತ್ತವೆ.

ಕುರಿ ಯಾಕೆ ಇಷ್ಟು ಮುಖ್ಯ?

ಚಳಿ ದೇಶದ ಕುರಿಗಳು ಹಗಲು ಚಿಕ್ಕದಾಗುತ್ತಾ ಬಂದಾಗ ಬೆದೆಗೆ ಬರುತ್ತವೆ. ಅಲ್ಲಿ ಅದು ಸೆಪ್ಟೆಂಬರ್ ಹೊತ್ತು. ಕುರಿಯ ಗಬ್ಬ ಸುಮಾರು ಐದು ತಿಂಗಳು. ಸೆಪ್ಟೆಂಬರಿನಿಂದ ಐದು ತಿಂಗಳು ಎಣಿಸಿ. ಫೆಬ್ರವರಿ ಬಂತು, ಅಲ್ವಾ? ನಮ್ಮ ಕಡೆ ಕುರಿಗಳು ವರ್ಷದ ಬೇರೆ ಬೇರೆ ಕಾಲದಲ್ಲಿ ಈಯುತ್ತವೆ. ಇಲ್ಲಿ ಹಗಲಿನ ಉದ್ದ ಅಷ್ಟೇನೂ ಬದಲಾಗುವುದಿಲ್ಲ.

ಹಳೆಯ ಐರ್ಲೆಂಡಿನಲ್ಲಿ ಹಸುಗಳು ಚಳಿಗಾಲದಲ್ಲಿ ಬತ್ತುತ್ತಿದ್ದವು. ಹಸಿ ಹುಲ್ಲು ಇಲ್ಲದ ಮೇಲೆ ಹಾಲು ಎಲ್ಲಿಂದ ಬರಬೇಕು? ಹಸು ಈದು ಮತ್ತೆ ಹಾಲು ಕೊಡುವುದು ಹುಲ್ಲು ಚಿಗುರಿದ ಮೇಲೆ. ಅದಕ್ಕೂ ಮೊದಲು ಈಯುವುದು ಕುರಿ. ತಿಂಗಳುಗಟ್ಟಲೆ ಹಾಲು ಕಾಣದ ಮನೆಗೆ ಮೊದಲು ಬರುವುದು ಕುರಿಯ ಹಾಲು.

ಆ ಹಾಲು ತುಂಬಾ ಗಟ್ಟಿ. 100 ಗ್ರಾಂ ಹಸುವಿನ ಹಾಲಿನಲ್ಲಿ ಜಿಡ್ಡು ಸುಮಾರು 4 ಗ್ರಾಂ. ಅಷ್ಟೇ ಕುರಿ ಹಾಲಿನಲ್ಲಿ ಸುಮಾರು 7 ಗ್ರಾಂ. ಹಸಿದ ಮಕ್ಕಳಿಗೆ, ಬಾಣಂತಿಗೆ, ಮುದುಕರಿಗೆ ಆ ಹಾಲು ಜೀವ ಕೊಡುತ್ತಿತ್ತು. ಮನೆಯಲ್ಲಿ ಹಸು ಈದಾಗ ನಾವು ಗಿಣ್ಣು ಮಾಡಿ ಅಕ್ಕಪಕ್ಕದ ಮನೆಗೆ ಕೊಡುತ್ತೇವಲ್ಲ, ಆ ಸಂತೋಷ ನೆನೆಸಿಕೊಳ್ಳಿ. ಅಲ್ಲಿ ಇಡೀ ನಾಡಿಗೇ ಅಂಥ ಸಂತೋಷ ಒಂದೇ ಸಲ ಬರುತ್ತಿತ್ತು.

ಅರ್ಧ ಉಳಿದಿರಬೇಕು

ಈಗ ಕಣಜಕ್ಕೆ ಬರೋಣ.

ಈ ದಿನ ಐರ್ಲೆಂಡಿನ ರೈತರ ಮನೆಯಲ್ಲಿ ಉಗ್ರಾಣ ನೋಡುವ ಪದ್ಧತಿ ಇತ್ತು. ಒಣಹುಲ್ಲು ಎಷ್ಟಿದೆ, ಧಾನ್ಯ ಎಷ್ಟಿದೆ, ಆಲೂಗಡ್ಡೆ ಎಷ್ಟಿದೆ ಎಂದು ನೋಡುತ್ತಿದ್ದರು. ಅರ್ಧ ಉಳಿದಿದ್ದರೆ ಸಮಾಧಾನ. ಅರ್ಧಕ್ಕಿಂತ ಕಡಿಮೆ ಇದ್ದರೆ ಚಿಂತೆ.

ಯಾಕೆ ಅರ್ಧ? ನಾವೇ ಲೆಕ್ಕ ಮಾಡಿ ನೋಡೋಣ.

ಮೊದಲು ದನದ ಮೇವು. ಒಣಹುಲ್ಲು ಹಾಕಲು ಶುರು ಮಾಡುವುದು ನವೆಂಬರ್ 1ಕ್ಕೆ. ಹಸಿ ಹುಲ್ಲು ಚೆನ್ನಾಗಿ ಬೆಳೆದು ದನ ಮೇಯಲು ಹೋಗುವುದು ಮೇ 1ಕ್ಕೆ. ಒಟ್ಟು ಆರು ತಿಂಗಳು. ಫೆಬ್ರವರಿ 1ಕ್ಕೆ ಮೂರು ತಿಂಗಳು ಕಳೆಯಿತು. ಮೂರು ತಿಂಗಳು ಬಾಕಿ.

ಇನ್ನು ಜನರ ಧಾನ್ಯ. ಸುಗ್ಗಿಯ ಆರಂಭ ಆಗಸ್ಟ್ 1. ಅಲ್ಲಿಂದ ಫೆಬ್ರವರಿ 1ಕ್ಕೆ ಆರು ತಿಂಗಳು ಕಳೆಯಿತು. ಮುಂದಿನ ಸುಗ್ಗಿಗೆ ಇನ್ನೂ ಆರು ತಿಂಗಳು ಬಾಕಿ.

ನೋಡಿದಿರಾ? ಮೇವಿಗೂ ಅರ್ಧ ದಾರಿ. ಊಟಕ್ಕೂ ಅರ್ಧ ದಾರಿ. ಹಬ್ಬವನ್ನು ಸರಿಯಾಗಿ ನಡುವೆ ಇಟ್ಟಿದ್ದಾರೆ.

ಒಂದು ಮನೆಯಲ್ಲಿ ನವೆಂಬರಿನಲ್ಲಿ 12 ಬಣವೆ ಹುಲ್ಲು ಇತ್ತು ಅನ್ನಿ. ಫೆಬ್ರವರಿ 1ಕ್ಕೆ 6 ಇರಬೇಕು. 4 ಮಾತ್ರ ಇದ್ದರೆ? ಮೂರು ತಿಂಗಳಲ್ಲಿ 8 ಖರ್ಚಾಗಿದೆ. ಇನ್ನು ಮೂರು ತಿಂಗಳನ್ನು 4ರಲ್ಲಿ ಕಳೆಯಬೇಕು. ಇವತ್ತೇ ಗೊತ್ತಾದರೆ ದಾರಿ ಹುಡುಕಬಹುದು. ಮೇವು ಸ್ವಲ್ಪ ಕಡಿಮೆ ಹಾಕಬಹುದು. ನೆಂಟರ ಹತ್ತಿರ ಕೇಳಬಹುದು. ಒಂದು ಕರು ಮಾರಬಹುದು. ಏಪ್ರಿಲಿನಲ್ಲಿ ಗೊತ್ತಾದರೆ ದನ ಸಾಯುವುದೇ ಗತಿ.

ಹಬ್ಬದ ದಿನ ಲೆಕ್ಕ ಯಾಕೆ ಅಂತ ಕೆಲವರು ಕೇಳಬಹುದು. ಹಬ್ಬದ ದಿನವೇ ಎಲ್ಲರೂ ಮನೆಯಲ್ಲಿ ಇರುತ್ತಾರೆ. ಎಲ್ಲರ ಕಣ್ಣಿಗೂ ಉಗ್ರಾಣ ಬೀಳುತ್ತದೆ. ಇಲ್ಲದಿದ್ದರೆ ಏನಾಗುತ್ತದೆ? ಡಬ್ಬ ಖಾಲಿಯಾಗುತ್ತಿರುವುದು ಅಡುಗೆ ಮಾಡುವವಳಿಗೆ ಮಾತ್ರ ಗೊತ್ತಿರುತ್ತದೆ. ಅವಳು ಯಾರಿಗೂ ಹೇಳದೆ ತನ್ನ ತಟ್ಟೆಯ ಮುದ್ದೆ ಚಿಕ್ಕದು ಮಾಡಿಕೊಳ್ಳುತ್ತಾಳೆ. ಇದು ನಮ್ಮ ಮನೆಗಳಲ್ಲೂ ನಡೆಯುತ್ತದೆ. ಸುಳ್ಳಾ ಹೇಳಿ?

ಹಬ್ಬದ ಊಟಕ್ಕೆ ಏನೇನು?

ಫೆಬ್ರವರಿಯಲ್ಲಿ ಅಲ್ಲಿ ಹೊಲದಿಂದ ಹೊಸದು ಏನೂ ಬರುವುದಿಲ್ಲ. ಹಣ್ಣು ಇಲ್ಲ, ಕಾಯಿ ಇಲ್ಲ. ಹಬ್ಬದ ಊಟ ಮಾಡುವುದು ಎರಡು ಬಗೆಯ ಪದಾರ್ಥದಿಂದ. ಒಂದು, ಕಾಪಾಡಿ ಇಟ್ಟದ್ದು. ಇನ್ನೊಂದು, ಆಗ ತಾನೇ ಬಂದ ಹಾಲು.

ಓಟ್ಸ್ ಮತ್ತು ಬಾರ್ಲಿ. ಓಟ್ಸ್ ಈಗ ನಮ್ಮ ಅಂಗಡಿಗಳಲ್ಲೂ ಪೊಟ್ಟಣದಲ್ಲಿ ಸಿಗುತ್ತದೆ. ಅಲ್ಲಿ ಅದು ಬಡವರ ಧಾನ್ಯ. ನಮಗೆ ರಾಗಿ ಹೇಗೋ ಅವರಿಗೆ ಓಟ್ಸ್ ಹಾಗೆ. ಚಳಿ, ಮಳೆ ಎರಡನ್ನೂ ತಡೆಯುತ್ತದೆ. ಅದರ ಹಿಟ್ಟಿಗೆ ಗೋಧಿಯ ಹಾಗೆ ಜಿಗುಟು ಇಲ್ಲ. ಅದಕ್ಕೇ ತಟ್ಟಿ, ಕಬ್ಬಿಣದ ಹೆಂಚಿನ ಮೇಲೆ ರೊಟ್ಟಿ ಸುಡುತ್ತಾರೆ. ನುಚ್ಚು ಮಾಡಿ ಗಂಜಿಯನ್ನೂ ಕಾಯಿಸುತ್ತಾರೆ. ಗಂಜಿಗೆ ಹಾಲು ಅಥವಾ ಮಜ್ಜಿಗೆ.

ಸೊಪ್ಪು. ಎಲೆಕೋಸಿನ ಜಾತಿಯ ಒಂದು ಸೊಪ್ಪು ಅಲ್ಲಿದೆ. ಅದರ ಹೆಸರು ಕೇಲ್. ಉಂಡೆ ಕಟ್ಟುವುದಿಲ್ಲ, ಎಲೆ ಬಿಡಿಬಿಡಿಯಾಗಿ ಇರುತ್ತದೆ. ಹಿಮ ಬಿದ್ದರೂ ಸಾಯುವುದಿಲ್ಲ. ಚಳಿಗಾಲದಲ್ಲಿ ಹಿತ್ತಲಿನಲ್ಲಿ ಹಸಿರಾಗಿ ನಿಂತಿರುವ ತರಕಾರಿ ಅದು.

ಈರುಳ್ಳಿ, ಸೇಬು. ಈರುಳ್ಳಿಯನ್ನು ಜಡೆ ಹೆಣೆದು ನೇತು ಹಾಕುತ್ತಾರೆ. ಸೇಬನ್ನು ಒಂದಕ್ಕೊಂದು ತಾಗದ ಹಾಗೆ ತಂಪು ಜಾಗದಲ್ಲಿ ಇಡುತ್ತಾರೆ. ಒಂದು ಕೊಳೆತರೆ ಪಕ್ಕದ್ದೂ ಕೊಳೆಯುತ್ತದೆ. ಹೀಗೆ ಉಳಿದ ಸೇಬು ಹಬ್ಬದ ಸಿಹಿ ರೊಟ್ಟಿಯ ಒಳಗೆ ಹೋಗುತ್ತದೆ.

ಉಪ್ಪು ಹಾಕಿದ ಮಾಂಸ. ನವೆಂಬರಿನಲ್ಲಿ ಹಂದಿ ಕಡಿದು, ಉಪ್ಪು ತಿಕ್ಕಿ, ಹೊಗೆಯಲ್ಲಿ ನೇತು ಹಾಕುತ್ತಿದ್ದರು. ಉಪ್ಪು ಮಾಂಸದ ನೀರು ಎಳೆಯುತ್ತದೆ. ನೀರು ಕಡಿಮೆಯಾದರೆ ಕೊಳೆಸುವ ಸೂಕ್ಷ್ಮ ಜೀವಿಗಳು ಬೆಳೆಯುವುದಿಲ್ಲ. ನಾವು ಒಣಮೀನು ಮಾಡುವುದೂ ಇದೇ ಉಪಾಯದಿಂದ.

ಕಡಲಿನ ಆಹಾರ. ಸಮುದ್ರ ತೀರದವರು ಬಂಡೆಗೆ ಅಂಟಿದ ಚಿಪ್ಪಿನ ಮಾಂಸ ತರುತ್ತಿದ್ದರು. ತಿನ್ನುವ ಕಡಲ ಪಾಚಿಯನ್ನೂ ಒಣಗಿಸಿ ಇಡುತ್ತಿದ್ದರು.

ಎಲ್ಲಕ್ಕಿಂತ ಮೇಲೆ ಬೆಣ್ಣೆ. ಹಬ್ಬದ ಊಟಕ್ಕೆ ಹೊಸ ಬೆಣ್ಣೆಯೇ ಬೇಕು. ಅವತ್ತು ಬೆಣ್ಣೆ ಕಡೆಯಲೇಬೇಕು. ಅಲ್ಲಿನ ಕಡೆಯುವ ಪಾತ್ರೆ ಎತ್ತರದ ಮರದ ಪೀಪಾಯಿ. ಕೋಲನ್ನು ನಮ್ಮ ಕಡಗೋಲಿನ ಹಾಗೆ ತಿರುಗಿಸುವುದಿಲ್ಲ. ಒನಕೆಯ ಹಾಗೆ ಮೇಲೆ ಕೆಳಗೆ ಕುಟ್ಟುತ್ತಾರೆ. ಭಾರೀ ತೋಳು ನೋವಿನ ಕೆಲಸ. ಬೆಣ್ಣೆ ಕಡೆಯುವಾಗ ಯಾರೇ ಮನೆಗೆ ಬಂದರೂ ಅವರೂ ನಾಲ್ಕು ಏಟು ಹಾಕಲೇಬೇಕು. ಹಾಕದೆ ಹೋದರೆ ಬೆಣ್ಣೆಯ ಅದೃಷ್ಟ ಅವರ ಜೊತೆ ಹೊರಟುಹೋಗುತ್ತದೆ ಎಂದು ನಂಬಿಕೆ. ನಂಬಿಕೆ ಏನೇ ಇರಲಿ, ಕೆಲಸ ಮಾಡುವವಳಿಗೆ ಅಷ್ಟು ಹೊತ್ತು ತೋಳಿಗೆ ಬಿಡುವು ಸಿಗುತ್ತಿತ್ತು!

ಹಳೆಯ ಕಾಲದಲ್ಲಿ ಬೆಣ್ಣೆಯನ್ನು ಜೌಗು ನೆಲದಲ್ಲಿ ಹೂತಿಟ್ಟವರೂ ಉಂಟು. ಅಲ್ಲಿ ತಂಪು ಇದೆ, ಗಾಳಿ ಆಡುವುದಿಲ್ಲ. ಹಾಗೆ ಹೂತಿಟ್ಟ 3,000 ವರ್ಷಕ್ಕೂ ಹಳೆಯ ಬೆಣ್ಣೆ ಮುದ್ದೆಗಳು ಈಗಲೂ ಅಗೆಯುವಾಗ ಸಿಕ್ಕಿವೆ.

ಬಾಗಿಲಲ್ಲಿ ಬ್ರಿಜಿಡ್

ಹಬ್ಬದ ಊಟ ಹಿಂದಿನ ರಾತ್ರಿ, ಅಂದ್ರೆ ಜನವರಿ 31ಕ್ಕೆ. ಆ ರಾತ್ರಿ ಬ್ರಿಜಿಡ್ ಮನೆಮನೆಗೆ ಬಂದು ಹರಸುತ್ತಾಳೆ ಎಂದು ಹಳ್ಳಿಯವರ ನಂಬಿಕೆ.

ಹಲವು ಊರುಗಳಲ್ಲಿ ಒಬ್ಬಳು ಹುಡುಗಿ ಜೊಂಡು ಹುಲ್ಲಿನ ಹೊರೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಬ್ರಿಜಿಡ್‌ಗೆ ಬಾಗಿಲು ತೆಗೆಯಿರಿ ಅನ್ನುವಳು. ಒಳಗಿನವರು ಬನ್ನಿ ಬನ್ನಿ ಅಂತ ಕರೆಯುವರು. ಆಮೇಲೆ ಊಟ. ಊಟ ಮುಗಿದ ಮೇಲೆ ಆ ಜೊಂಡಿನಿಂದ ಶಿಲುಬೆ ಹೆಣೆಯುವರು. ಅದನ್ನು ಬಾಗಿಲ ಮೇಲೆ, ಕೊಟ್ಟಿಗೆಯಲ್ಲಿ ಸಿಕ್ಕಿಸುವರು. ನಾವು ತೋರಣ ಕಟ್ಟುತ್ತೇವಲ್ಲ, ಹಾಗೆ.

ಕೆಲವು ಕಡೆ ಕಿಟಕಿಯ ಹೊರಗೆ ರೊಟ್ಟಿ, ಬೆಣ್ಣೆ ಇಡುತ್ತಿದ್ದರು. ಅದು ಬ್ರಿಜಿಡ್‌ಗೆ. ಪಕ್ಕದಲ್ಲಿ ಒಂದು ಹಿಡಿ ತೆನೆ ಇಡುತ್ತಿದ್ದರು. ಅದು ಅವಳ ಜೊತೆ ಬರುವ ಬಿಳಿ ಹಸುವಿಗೆ.

ಇನ್ನೊಂದು ಪದ್ಧತಿ ನಮಗೆ ಬಹಳ ಹಿಡಿಸಿತು. ಹಸು ಇದ್ದ ಮನೆಯವರು ಹಸು ಇಲ್ಲದ ಮನೆಗೆ ಬೆಣ್ಣೆ, ಮಜ್ಜಿಗೆ ಕಳಿಸುತ್ತಿದ್ದರು. ಅನುಕೂಲಸ್ಥರು ಮಾಂಸವನ್ನೂ ಹಂಚುತ್ತಿದ್ದರು. ಊರಿನಲ್ಲಿ ಆ ರಾತ್ರಿ ಯಾರೂ ಬರೀ ರೊಟ್ಟಿ ತಿನ್ನಬಾರದು ಎಂಬುದು ಇದರ ಅರ್ಥ.

ಮೂರು ಹಸುವಿನ ಬೆಲೆ

ಹಂಚುವ ಪದ್ಧತಿಗೆ ಒಂದು ಕಥೆ ಇದೆ. ಬ್ರಿಜಿಡ್ ಸನ್ಯಾಸಿನಿಯ ಬಗ್ಗೆ ಬರೆದ ಹಳೆಯ ಚರಿತ್ರೆಯಲ್ಲಿ ಅದು ಬರುತ್ತದೆ.

ಬ್ರಿಜಿಡ್‌ಳ ತಂದೆ ದೊಡ್ಡ ಮನುಷ್ಯ. ತಾಯಿ ಅವನ ಮನೆಯ ದಾಸಿ. ಅಂದ್ರೆ ಕೊಂಡು ತಂದ ಆಳು. ತಂದೆಯ ಹೆಂಡತಿಗೆ ಸಿಟ್ಟು ಬಂತು. ಬಸುರಿ ದಾಸಿಯನ್ನು ಮಾರಿಬಿಟ್ಟರು. ಕೈ ಬದಲಾಗಿ ಆಕೆ ಒಬ್ಬ ಪೂಜಾರಿಯ ಮನೆ ಸೇರಿದಳು. ಅಲ್ಲಿ ಹಸು ಕರೆಯುವುದು, ಬೆಣ್ಣೆ ಕಡೆಯುವುದು ಅವಳ ಕೆಲಸ.

ಬ್ರಿಜಿಡ್ ದೊಡ್ಡವಳಾಗಿ ತಾಯಿಯ ಹತ್ತಿರ ಹೋದಳು. ತಾಯಿಗೆ ಕಣ್ಣು ನೋವು. ಮಗಳೇ ಬೆಣ್ಣೆ ಕಡೆಯತೊಡಗಿದಳು. ಬಂದ ಬೆಣ್ಣೆಯಲ್ಲಿ ಒಂದು ದೊಡ್ಡ ಪಾಲು ಬಡವರಿಗೆ ಎತ್ತಿಡುತ್ತಿದ್ದಳು. ಈ ಸುದ್ದಿ ಯಜಮಾನನ ಕಿವಿಗೆ ಬಿತ್ತು. ಅವನೂ ಹೆಂಡತಿಯೂ ದೊಡ್ಡ ಬುಟ್ಟಿ ಹಿಡಿದುಕೊಂಡು ಬಂದರು. ಇದನ್ನು ತುಂಬಿಸು ಅಂದರು. ಇದ್ದದ್ದು ಸ್ವಲ್ಪವೇ ಬೆಣ್ಣೆ. ಬ್ರಿಜಿಡ್ ಪ್ರಾರ್ಥನೆ ಮಾಡಿದಳು. ಬುಟ್ಟಿ ತುಂಬಿತು.

ಇದು ಪವಾಡದ ಕಥೆ. ಬೆಣ್ಣೆ ತಾನೇ ಹುಟ್ಟುವುದಿಲ್ಲ ಎಂದು ಕಡೆದು ಕೈ ಸೋತ ನಮಗೆ ಗೊತ್ತು. ಕಥೆಯ ಮುಖ್ಯ ಮಾತು ಮುಂದೆ ಇದೆ.

ಯಜಮಾನ ಬೆರಗಾದ. ಈ ಬೆಣ್ಣೆಯೂ ನಿನಗೆ, ನೀನು ಕರೆದ ಹಸುಗಳೂ ನಿನಗೆ ಅಂದ. ಬ್ರಿಜಿಡ್ ಹೇಳಿದಳು: ಹಸು ನೀನೇ ಇಟ್ಟುಕೋ. ನನ್ನ ತಾಯಿಯನ್ನು ಬಿಡುಗಡೆ ಮಾಡು.

ಈ ಮಾತಿನ ಬೆಲೆ ತಿಳಿಯಬೇಕಾದರೆ ಇನ್ನೊಂದು ವಿಷಯ ಗೊತ್ತಿರಬೇಕು. ಹಳೆಯ ಐರಿಷ್ ಕಾನೂನಿನಲ್ಲಿ ಒಬ್ಬ ದಾಸಿಯ ಬೆಲೆ ಎಂದರೆ ಮೂರು ಕರೆಯುವ ಹಸು. ದಾಸಿ ಎಂಬ ಪದವನ್ನೇ ಅಳತೆಯಾಗಿ ಬಳಸುತ್ತಿದ್ದರು. ಈ ಹೊಲಕ್ಕೆ ಇಷ್ಟು ದಾಸಿ ಬೆಲೆ, ಈ ತಪ್ಪಿಗೆ ಇಷ್ಟು ದಾಸಿ ದಂಡ, ಹೀಗೆ. ಹೆಣ್ಣನ್ನು ಹಸುವಿನಲ್ಲಿ ಅಳೆಯುತ್ತಿದ್ದ ಕಾಲ ಅದು. ಆ ಕಾಲದ ಕಥೆಯಲ್ಲಿ ಮಗಳು ಹಸು ಬಿಟ್ಟು ತಾಯಿಯನ್ನು ಕೇಳುತ್ತಾಳೆ. ಕಥೆಯಲ್ಲಿ ಯಜಮಾನ ತಾಯಿಯನ್ನೂ ಬಿಟ್ಟ, ಹಸುಗಳನ್ನೂ ಕೊಟ್ಟ. ಬ್ರಿಜಿಡ್ ಆ ಹಸುಗಳನ್ನು ಬಡವರಿಗೆ ಹಂಚಿದಳು.

ಒಂದೇ ಬೆಳೆ ನಂಬಿದಾಗ

ಆಲೂಗಡ್ಡೆ ಐರ್ಲೆಂಡಿನದಲ್ಲ. ನಮ್ಮದೂ ಅಲ್ಲ. ಅದು ದಕ್ಷಿಣ ಅಮೆರಿಕದಿಂದ ಬಂದದ್ದು. ಐರ್ಲೆಂಡಿಗೆ ಬಂದು ಸುಮಾರು 400 ವರ್ಷ ಆಯಿತು. ಸ್ವಲ್ಪ ಜಾಗದಲ್ಲಿ ತುಂಬಾ ಬೆಳೆಯುತ್ತದೆ. ಅದಕ್ಕೇ ಬಡವರು ಅದನ್ನು ಅಪ್ಪಿಕೊಂಡರು. ಒಳ್ಳೆಯ ಹೊಲವೆಲ್ಲ ಜಮೀನ್ದಾರರದು. ಗೇಣಿದಾರನಿಗೆ ಒಂದು ತುಂಡು ನೆಲ ಮಾತ್ರ. ಅವನು ಬೆಳೆದ ಓಟ್ಸ್, ಅವನ ಹೆಂಡತಿ ಕಡೆದ ಬೆಣ್ಣೆ ಗೇಣಿ ಕಟ್ಟಲು ಪೇಟೆಗೆ ಹೋಗುತ್ತಿತ್ತು. ಮನೆಯಲ್ಲಿ ಮೂರು ಹೊತ್ತೂ ಆಲೂಗಡ್ಡೆ.

1845ರಲ್ಲಿ ಆಲೂಗಡ್ಡೆಗೆ ರೋಗ ಬಂತು. ಎಲೆ ಕಪ್ಪಾಯಿತು. ನೆಲದೊಳಗಿನ ಗೆಡ್ಡೆ ಕೊಳೆತು ನಾರಿತು. ಮುಂದಿನ ವರ್ಷವೂ ಹಾಗೇ ಆಯಿತು. ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವಿನಿಂದ, ಜ್ವರದಿಂದ ಸತ್ತರು. 10 ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿ ದೇಶ ಬಿಟ್ಟರು. 1841ರ ಜನಗಣತಿಯಲ್ಲಿ ಜನ ಸುಮಾರು 81 ಲಕ್ಷ. 1851ರಲ್ಲಿ ಸುಮಾರು 65 ಲಕ್ಷ.

ಆಗ ಐರ್ಲೆಂಡನ್ನು ಆಳುತ್ತಿದ್ದವರು ಬ್ರಿಟಿಷರು. ಜನ ಸಾಯುತ್ತಿದ್ದಾಗಲೂ ಧಾನ್ಯ, ಬೆಣ್ಣೆ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ನಮ್ಮ ಕಡೆಯೂ 1876ರಿಂದ 1878ರವರೆಗೆ ಭೀಕರ ಬರ ಬಂದಿತ್ತು. ಧಾತು, ಈಶ್ವರ ಸಂವತ್ಸರಗಳ ಬರ ಅಂತ ಹಿರಿಯರು ಹೇಳುತ್ತಿದ್ದರಲ್ಲ, ಅದೇ. ಆಗ ನಮ್ಮನ್ನು ಆಳುತ್ತಿದ್ದವರೂ ಅವರೇ.

ಹಳೆಯ ಹಬ್ಬದ ಊಟದಲ್ಲಿ ಎಷ್ಟು ಬಗೆ ಇತ್ತು, ನೆನಪಿದೆಯಾ? ಓಟ್ಸ್, ಬಾರ್ಲಿ, ಸೊಪ್ಪು, ಈರುಳ್ಳಿ, ಮಾಂಸ, ಚಿಪ್ಪು, ಹಾಲು, ಬೆಣ್ಣೆ. ಒಂದು ಕೈ ಕೊಟ್ಟರೆ ಇನ್ನೊಂದು ಇರುತ್ತಿತ್ತು. ಬಡವರ ಕೈಯಲ್ಲಿ ಒಂದೇ ಒಂದು ಉಳಿದಾಗ ಈ ಅನಾಹುತ ಆಯಿತು. ನಮ್ಮ ಹಿರಿಯರು ರಾಗಿಯ ಜೊತೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳ ಸೇರಿಸಿ ಅಕ್ಕಡಿ ಸಾಲು ಹಾಕುತ್ತಿದ್ದುದು ಇದೇ ಕಾರಣಕ್ಕೆ.

ಇವತ್ತು ಈ ಹಬ್ಬ

ಹಳೆಯ ಪದ್ಧತಿಗಳು ಮಧ್ಯೆ ಕಡಿಮೆಯಾದವು. ಆದರೆ ಶಿಲುಬೆ ಹೆಣೆಯುವುದು ನಿಲ್ಲಲಿಲ್ಲ. ಈಗಲೂ ಐರ್ಲೆಂಡಿನ ಶಾಲೆಗಳಲ್ಲಿ ಮಕ್ಕಳಿಗೆ ಕಲಿಸುತ್ತಾರೆ.

2023ರಿಂದ ಐರ್ಲೆಂಡ್ ಸರ್ಕಾರ ಈ ಹಬ್ಬಕ್ಕೆ ರಜೆ ಕೊಟ್ಟಿದೆ. ಸಾಮಾನ್ಯವಾಗಿ ಫೆಬ್ರವರಿಯ ಮೊದಲ ಸೋಮವಾರ ರಜೆ. ಆ ದೇಶದಲ್ಲಿ ಒಬ್ಬ ಹೆಣ್ಣಿನ ಹೆಸರಿನಲ್ಲಿ ಬಂದ ಮೊದಲ ಸರ್ಕಾರಿ ರಜೆ ಇದು. ನಮ್ಮ ಅಕ್ಕನ ತಂಗಿ ಮಗಳಿಗೂ ಅದು ಸಿಕ್ಕಿರಬೇಕು!

ಹಳೆಯ ದೇವರುಗಳನ್ನು ಮತ್ತೆ ಪೂಜಿಸುವವರೂ ಈಗ ಇದ್ದಾರೆ. ಐರ್ಲೆಂಡ್, ಇಂಗ್ಲೆಂಡ್, ಅಮೆರಿಕದಲ್ಲಿ ಅವರು ಇಂಬೋಲ್ಕ್ ಮಾಡುತ್ತಾರೆ. ಮೇಣದ ಬತ್ತಿ ಹಚ್ಚುತ್ತಾರೆ. ಹಾಲು, ಬೆಣ್ಣೆ, ರೊಟ್ಟಿ, ಜೇನು, ಬೀಜಗಳು, ಈರುಳ್ಳಿ, ಬೆಳ್ಳುಳ್ಳಿ ಅವರ ಊಟದಲ್ಲಿ ಇರುತ್ತವೆ. ಆಸ್ಟ್ರೇಲಿಯದಲ್ಲಿ ಇರುವ ಹಲವರು ಇದನ್ನು ಆಗಸ್ಟ್ 1ರ ಸುಮಾರಿಗೆ ಮಾಡುತ್ತಾರೆ. ಯಾಕೆ? ಅಲ್ಲಿ ಫೆಬ್ರವರಿ ಸುಡು ಬೇಸಿಗೆ. ಚಳಿಗಾಲ ಮುಗಿಯುತ್ತಾ ಬರುವುದು ಆಗಸ್ಟಿನಲ್ಲಿ. ಹಬ್ಬಕ್ಕೆ ತಾರೀಕಿಗಿಂತ ಕಾಲ ಮುಖ್ಯ.

ಮಾಡಿ ನೋಡಿ

ಬ್ರಿಜಿಡ್ ಹಬ್ಬದ ಹಿಂದಿನ ರಾತ್ರಿ ಅನೇಕ ಮನೆಗಳಲ್ಲಿ ಮಾಡುತ್ತಿದ್ದ ಅಡುಗೆ ಇದು. ಹೆಸರು ಕಾಲ್ಕ್ಯಾನನ್. ನಮ್ಮ ಒಲೆಯ ಮೇಲೂ ಆಗುತ್ತದೆ. ಕೇಲ್ ಸೊಪ್ಪಿನ ಬದಲು ಎಲೆಕೋಸು ಹಾಕಬಹುದು. ಅಲ್ಲಿಯೂ ಹಾಕುತ್ತಾರೆ.

ಬೇಕಾದ್ದು: ಆಲೂಗಡ್ಡೆ ಅರ್ಧ ಕೆ.ಜಿ., ಎಲೆಕೋಸು ಕಾಲು ಕೆ.ಜಿ., ಹಾಲು ಅರ್ಧ ಲೋಟ, ಬೆಣ್ಣೆ ಎರಡು ಚಮಚ, ಈರುಳ್ಳಿ ಸೊಪ್ಪು ಒಂದು ಹಿಡಿ, ಉಪ್ಪು, ಸ್ವಲ್ಪ ಮೆಣಸಿನ ಪುಡಿ (ಕಾಳು ಮೆಣಸಿನದು).

1. ಆಲೂಗಡ್ಡೆ ಬೇಯಿಸಿ. ಸಿಪ್ಪೆ ತೆಗೆದು ಬಿಸಿ ಇರುವಾಗಲೇ ಕಿವುಚಿ.

2. ಎಲೆಕೋಸು ಸಣ್ಣಗೆ ಹೆಚ್ಚಿ. ಸ್ವಲ್ಪ ನೀರಿನಲ್ಲಿ ಬೇಯಿಸಿ ನೀರು ಬಸಿಯಿರಿ. ಆ ನೀರನ್ನು ಚೆಲ್ಲಬೇಡಿ. ಸಾರಿಗೆ ಹಾಕಿ.

3. ಹಾಲು ಬಿಸಿ ಮಾಡಿ. ಈರುಳ್ಳಿ ಸೊಪ್ಪು ಹೆಚ್ಚಿ ಅದರಲ್ಲಿ ಎರಡು ನಿಮಿಷ ಕುದಿಸಿ.

4. ಎಲ್ಲವನ್ನೂ ಸೇರಿಸಿ ಉಪ್ಪು, ಮೆಣಸಿನ ಪುಡಿ ಹಾಕಿ ಕಲಸಿ.

5. ತಟ್ಟೆಗೆ ಹಾಕಿ ನಡುವೆ ಗುಳಿ ಮಾಡಿ. ಮುದ್ದೆಗೆ ಸಾರು ಬಿಡಲು ಮಾಡುತ್ತೇವಲ್ಲ, ಹಾಗೆ. ಗುಳಿಯಲ್ಲಿ ಬೆಣ್ಣೆ ಇಡಿ. ಕರಗಿದ ಬೆಣ್ಣೆಯಲ್ಲಿ ಅದ್ದಿಕೊಂಡು ತಿನ್ನಿ.

ಮಾಡಿದವರೂ ಎಲ್ಲರ ಜೊತೆ ಕೂತು ತಿನ್ನಿ. ಕೊನೆಗೆ ತಿಂದರೆ ಗುಳಿಯಲ್ಲಿ ಬೆಣ್ಣೆ ಉಳಿದಿರುವುದಿಲ್ಲ.

ನಮ್ಮ ಮನೆಯ ಕಣಜ

ಈಗ ನಮಗೆ ಬರೆಯಲು ಬರುತ್ತದೆ. ತಲೆಯಲ್ಲಿದ್ದ ಲೆಕ್ಕವನ್ನು ಕಾಗದಕ್ಕೆ ಇಳಿಸೋಣ. ಕೆಳಗಿನಂತೆ ಪುಸ್ತಕದಲ್ಲಿ ಬರೆಯಿರಿ.

ಸುಗ್ಗಿಯಲ್ಲಿ ಇಟ್ಟ ರಾಗಿ (ಅಥವಾ ಅಕ್ಕಿ, ಜೋಳ): ........ ಸೇರು
ಇವತ್ತು ಉಳಿದದ್ದು: ........ ಸೇರು
ಸುಗ್ಗಿಯಿಂದ ಇವತ್ತಿಗೆ ಕಳೆದ ತಿಂಗಳು: ........
ಮುಂದಿನ ಸುಗ್ಗಿಗೆ ಉಳಿದ ತಿಂಗಳು: ........
ಸಾಕಾಗುತ್ತದೆ / ಸಾಕಾಗುವುದಿಲ್ಲ: ........

ಅಂಗಡಿಯಿಂದ, ಪಡಿತರದಿಂದ ತರುವವರು ತಿಂಗಳ ಲೆಕ್ಕ ಬರೆಯಿರಿ. ಹದಿನೈದನೇ ತಾರೀಕಿಗೆ ಅರ್ಧ ಉಳಿದಿದೆಯಾ ನೋಡಿ. ಬರೆದದ್ದನ್ನು ಮನೆಯವರೆಲ್ಲ ಕೂತಿರುವಾಗ ಗಟ್ಟಿಯಾಗಿ ಓದಿ. ಕಡಿಮೆ ಇದ್ದರೆ ಅದು ಒಬ್ಬರ ತಟ್ಟೆಯ ಚಿಂತೆ ಆಗಬಾರದು. ಮನೆಯವರೆಲ್ಲರ ಚಿಂತೆ ಆಗಬೇಕು.

ಹೊಸ ಪದಗಳು

ಕಣಜ, ಉಗ್ರಾಣ, ಜನಗಣತಿ, ಗೇಣಿ, ಜೌಗು, ಬಿಡುಗಡೆ

ಉತ್ತರ ಬರೆಯಿರಿ

1. ಐರ್ಲೆಂಡಿನಲ್ಲಿ ಕುರಿಗಳು ಫೆಬ್ರವರಿಯಲ್ಲಿ ಯಾಕೆ ಈಯುತ್ತವೆ?

2. ಫೆಬ್ರವರಿ 1ಕ್ಕೆ ಕಣಜದಲ್ಲಿ ಅರ್ಧ ಯಾಕೆ ಉಳಿದಿರಬೇಕು?

3. ಬ್ರಿಜಿಡ್ ಹಸುಗಳ ಬದಲು ಏನು ಕೇಳಿದಳು?

ಗುಂಪಿನಲ್ಲಿ ಮಾತಾಡಿ

ನಿಮ್ಮ ಅಜ್ಜಿಯ ಕಾಲದಲ್ಲಿ ಸಂಕ್ರಾಂತಿಗೆ ಯಾವ ಯಾವ ಧಾನ್ಯ, ಕಾಳು ಮನೆಗೆ ಬರುತ್ತಿತ್ತು? ಈಗ ಅದರಲ್ಲಿ ಎಷ್ಟು ಬರುತ್ತದೆ? ಯಾವುದು ನಿಂತಿತು? ಯಾಕೆ ನಿಂತಿತು?